ಅಟ್ಟದ ಬೀಗ

ಅಟ್ಟದ ಮೇಲೆ ಮುಂದಿನ ಸಾಲು ಇಟ್ಟ ಹಾಗೇ ಇತ್ತು. ಏಣಿ ಹತ್ತಿ ಇಣುಕಿದರೆ ಕಾಯಿಯದ್ದೇ ಗೋಡೆ, ಒಂದೂ ಅಲುಗಿಲ್ಲ. 2023ರ ಬೇಸಿಗೆಯಲ್ಲಿ ಒಂದು ಸಂಜೆ ಇಲಿ ಓಡಾಡಿದ ಸದ್ದಾಯಿತೆಂದು ಬ್ಯಾಟರಿ ಹಿಡಿದು ಒಳಗೆ ತೆವಳಿದೆ. ಆ ಗೋಡೆಯ ಹಿಂದೆ ಏನೂ ಇರಲಿಲ್ಲ. ಹಿಂದಿನಿಂದ ಒಂದೊಂದೇ ಚೀಲ ತುಂಬಿ ಇಳಿಸಿ, ಮುಂದಿನ ಎರಡು ಸಾಲನ್ನು ನನ್ನ ಕಣ್ಣಿಗೆ ಬೀಳಲಿ ಅಂತ ಬಿಟ್ಟಿದ್ದ. ಸಾವಿರದ ಇನ್ನೂರು ಕಾಯಿ ಹೋಗಿತ್ತು. ಕದ್ದವನು ನನ್ನ ಮಗ. ಆಗ ಅವನಿಗೆ ಇಪ್ಪತ್ತೆಂಟು.

ತಿಪಟೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗಲೇ ಅದು ಉಂಡೆ ಕೊಬ್ಬರಿ. ವರ್ಷದ ದುಡಿಮೆಯೆಲ್ಲ ತಲೆಯ ಮೇಲೆ ಇಟ್ಟುಕೊಂಡು ಕೆಳಗೆ ಮಲಗುವ ಜನ ನಾವು. ಆ ವರ್ಷ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಅಂತಿದ್ದರೂ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ಬೆಲೆ ಬರಲಿ ಅಂತ ಕಾಯಿ ಒಡೆಸದೆ ಕಾಯುತ್ತಿದ್ದೆ. ನಾನು ಕಾಯುತ್ತಿದ್ದುದು ಅವನಿಗೆ ಅನುಕೂಲವಾಯಿತು.

ಅವತ್ತು ರಾತ್ರಿ ಅಟ್ಟದ ಬಾಗಿಲಿಗೆ ಬೀಗ ಹಾಕಿದೆ. ನಮ್ಮ ತಾತನ ಕಾಲದಿಂದ ಆ ಅಟ್ಟಕ್ಕೆ ಬೀಗ ಇರಲಿಲ್ಲ.

ಶುರುವಾದದ್ದು ಯಾವಾಗ ಅಂತ ಹಿಂದಕ್ಕೆ ಎಣಿಸಿದರೆ 2020ರ ಲಾಕ್‌ಡೌನ್ ನೆನಪಾಗುತ್ತದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದ. ಕೆಲಸ ನಿಂತಿತು ಅಂತ ಊರಿಗೆ ಬಂದ. ಬಂದ ಎರಡನೇ ದಿನಕ್ಕೆ ಕೈ ನಡುಗುತ್ತಿತ್ತು. ಕಾಫಿ ಲೋಟ ಎರಡು ಕೈಯಲ್ಲಿ ಹಿಡಿಯುತ್ತಿದ್ದ. ಬೆವರುತ್ತಿದ್ದ, ರಾತ್ರಿಯೆಲ್ಲ ಹೊರಳಾಡುತ್ತಿದ್ದ. ಕೆಲಸ ಹೋದ ಚಿಂತೆ, ಜೊತೆಗೆ ಕೊರೊನಾ ಭಯ ಅಂತ ನಾವು ಕಷಾಯ ಕುಡಿಸಿದೆವು. ಮೇ 4ಕ್ಕೆ ಮದ್ಯದ ಅಂಗಡಿಗಳು ಮತ್ತೆ ತೆರೆದವು. ಬೆಳಿಗ್ಗೆಯೇ ಬೈಕ್ ಹತ್ತಿ ಹೋದವನು ಮಧ್ಯಾಹ್ನ ಬಂದಾಗ ಕೈ ನಡುಗುತ್ತಿರಲಿಲ್ಲ. 'ನೋಡಿ, ಹುಡುಗ ಗೆಲುವಾದ' ಅಂದಳು ನನ್ನ ಹೆಂಡತಿ. ನಾನೂ ಹೂಂ ಅಂದೆ. ಬಾರ್ ಮುಂದೆ ಜನ ಸಾಲು ನಿಂತದ್ದನ್ನು ಟಿವಿಯಲ್ಲಿ ನೋಡಿ ಛೀ ಎಂದಿದ್ದೆ. ಆ ಸಾಲಿನಲ್ಲಿ ನನ್ನ ಮಗನೂ ಇರಬಹುದು ಅನ್ನೋದು ಹೊಳೆಯಲೇ ಇಲ್ಲ. ನಮ್ಮ ಮನೆತನದಲ್ಲಿ ಯಾರೂ ಮುಟ್ಟಿದವರಲ್ಲ. ಅದಕ್ಕೇ ಇರಬೇಕು, ಗುರುತು ಹಿಡಿಯುವ ಕಣ್ಣೂ ನಮಗಿರಲಿಲ್ಲ.

ಗೊತ್ತಾದ ಮೇಲೆ ಮೂರು ವರ್ಷ ನಾನು ಮಾಡಿದ್ದು ಎರಡೇ ಕೆಲಸ: ಮುಚ್ಚಿಡುವುದು, ಕಾವಲು ಕಾಯುವುದು. ಸಂಜೆ ಅವನು ಬರುವ ಹೊತ್ತಿಗೆ ಗೇಟಿನ ಚಿಲಕ ಸರಿಮಾಡುವವನ ಹಾಗೆ ನಿಲ್ಲುತ್ತಿದ್ದೆ. ಪಕ್ಕದಲ್ಲಿ ಹಾದುಹೋಗುವಾಗ ಬಾಯಿ ವಾಸನೆ ಬರುತ್ತದಾ ಅಂತ ಮೂಗು ಚುರುಕು ಮಾಡುತ್ತಿದ್ದೆ. ಬಾಯಲ್ಲಿ ಏಲಕ್ಕಿ ಇದ್ದರೆ ಕುಡಿದಿದ್ದಾನೆ, ಗುಟ್ಕಾ ಇದ್ದರೂ ಕುಡಿದಿದ್ದಾನೆ, ಏನೂ ಇಲ್ಲದೆ ಮುಖ ತಿರುಗಿಸಿ ಹೋದರೆ ಜಾಸ್ತಿ ಕುಡಿದಿದ್ದಾನೆ. ಬೈಕಿನ ಸೀಟಿನ ಕೆಳಗೆ, ಪಂಪ್‌ಸೆಟ್ ಮನೆಯ ಸ್ಟಾರ್ಟರ್ ಡಬ್ಬದ ಹಿಂದೆ, ಗರಿ ರಾಶಿಯೊಳಗೆ 90 ಎಂಎಲ್‌ನ ಟೆಟ್ರಾ ಪ್ಯಾಕ್ ಹುಡುಕುತ್ತಿದ್ದೆ. ಸಿಕ್ಕಿದ್ದನ್ನು ಬುಡಕ್ಕೆ ಸುರಿಯುತ್ತಿದ್ದೆ. ಸುರಿದ ದಿನ ಏನೋ ಗೆದ್ದ ಹಾಗೆ ನಿದ್ದೆ ಬರುತ್ತಿತ್ತು. ಮಾರನೇ ದಿನ ಅವನು ಬೇರೆ ಕಡೆ ಇಡುತ್ತಿದ್ದ, ಅಷ್ಟೇ.

ಪೀಣ್ಯಕ್ಕೆ ವಾಪಸ್ ಹೋದವನು ತಿಂಗಳಿಗೆ ಎಂಟು ದಿನ ರಜೆ ಹಾಕಿದಾಗ ಸೂಪರ್‌ವೈಸರ್‌ಗೆ ಫೋನ್ ಮಾಡಿ 'ಜಾಂಡೀಸ್ ಆಗಿದೆ ಸಾರ್' ಅಂದವನು ನಾನೇ. ಕೆಲಸ ಹೋಯಿತು. ಊರಿಗೆ ಬಂದ. ಕೈಸಾಲ ಕೇಳಿಕೊಂಡು ಜನ ಬಾಗಿಲಿಗೆ ಬಂದಾಗ ಜಗಲಿಯ ಮೇಲೆ ಕೂರಿಸದೆ ಒಳಕ್ಕೆ ಕರೆದು, ಎಣಿಸಿ ಕೊಟ್ಟು ಕಳಿಸಿದವನೂ ನಾನೇ. ಅಕ್ಕಪಕ್ಕದವರಿಗೆ ಕೇಳಿಸಬಾರದು, ಅದೊಂದೇ ಯೋಚನೆ. ನಂಟರ ಮನೆಯ ಕಾರ್ಯಗಳಿಗೆ ಹೋಗುವುದು ಬಿಟ್ಟೆವು. ಹೆಂಡತಿ ಶನಿವಾರದ ಭಜನೆ ಬಿಟ್ಟಳು. ಇಬ್ಬರಿಗೂ ಬಿಪಿ ಮಾತ್ರೆ ಶುರುವಾಯಿತು. ಹಾಸನಕ್ಕೆ ಕೊಟ್ಟಿರುವ ಮಗಳು ಫೋನ್ ಮಾಡಿದರೆ ಅಣ್ಣನ ಸುದ್ದಿ ಬಿಟ್ಟು ಬೇರೆ ಮಾತೇ ಇರಲಿಲ್ಲ. ಅವಳಿಗೆ ಎರಡನೇ ಮಗು ಹುಟ್ಟಿದ ವರ್ಷ ಅದು. ಆ ಮಗುವಿನ ಮೊದಲ ವರ್ಷ ನನಗೆ ನೆನಪೇ ಇಲ್ಲ.

ಹೆಂಡತಿ ಹರಕೆ ಕಟ್ಟಿಕೊಂಡಳು, ಸೋಮವಾರ ಒಪ್ಪೊತ್ತು ಮಾಡಿದಳು. ಅದರಲ್ಲಿ ತಪ್ಪಿಲ್ಲ, ಅವಳನ್ನು ನಿಲ್ಲಿಸಿದ್ದು ಅದೇ. ಆದರೆ ಯಾರೋ ಹೇಳಿದರು ಅಂತ ಒಂದು ಪುಡಿ ತರಿಸಿದಳು. ಕುಡಿಯುವವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಬೇಕು, ತಾನಾಗೇ ಅಸಹ್ಯ ಹುಟ್ಟಿ ಬಿಟ್ಟುಬಿಡುತ್ತಾನೆ ಅಂತ. ಸಾರಿಗೆ ಹಾಕುತ್ತಿದ್ದಳು, ನನಗೂ ಗೊತ್ತಿತ್ತು. ಒಂದು ರಾತ್ರಿ ಕುಡಿದು ಬಂದು ಉಂಡವನಿಗೆ ಮುಖ ಕೆಂಪೇರಿ, ಎದೆ ಬಡಿತ ಜೋರಾಗಿ, ವಾಂತಿ ಮೇಲೆ ವಾಂತಿ. ಬೆಳಗಿನ ತನಕ ಗಾಳಿ ಹಾಕುತ್ತಾ ಕೂತಿದ್ದೆವು. ಪುಡಿಯಿಂದ ಅಂತ ಅನುಮಾನ ಬಂದರೂ ಬಾಯಿಬಿಡಲಿಲ್ಲ. ಮುಂದೆ ಬೆಂಗಳೂರಿನಲ್ಲಿ ಡಾಕ್ಟರ್ ಮುಂದೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆಯಂತೆ. ಅದು ಒಳಗಿದ್ದಾಗ ಮದ್ಯ ಸೇರಿದರೆ ಹೀಗೆಲ್ಲ ಆಗುತ್ತದೆ, ರಕ್ತದೊತ್ತಡ ಬಿದ್ದು ಪ್ರಾಣಕ್ಕೂ ಬರಬಹುದು. ರೋಗಿ ತಾನೇ ತಿಳಿದು, ಒಪ್ಪಿ, ಡಾಕ್ಟರ್ ಕಣ್ಗಾವಲಿನಲ್ಲಿ ತಗೊಳ್ಳಬೇಕಾದ ಔಷಧಿ. ಗುಟ್ಟಾಗಿ ಯಾವತ್ತೂ ಕೊಡಬಾರದು. ನಾವು ಬೆರೆಸಿದ ಪುಡಿಯಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಮಗ ಅಲ್ಲೇ ಪಕ್ಕದಲ್ಲಿ ಕೂತು ಕೇಳಿಸಿಕೊಂಡ. ಅವನು ಸಿಟ್ಟಾಗಲಿಲ್ಲ. 'ಅಮ್ಮ ಹಾಕಿದ ಮುದ್ದೆಗೂ ಹೆದರಬೇಕೇನಪ್ಪ?' ಅಂದ. ಕುಡಿತದ ಮೂರು ವರ್ಷದಲ್ಲಿ ಅವನು ನಮಗೆ ಹೇಳಿದ ಸುಳ್ಳನ್ನೆಲ್ಲ ಒಟ್ಟು ಮಾಡಿದರೂ ನಾವು ಅವನಿಗೆ ಮಾಡಿದ ಆ ಒಂದು ಮೋಸದ ತೂಕಕ್ಕೆ ಬರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಊರಿಗೆ ಬಂದ ಮೇಲೆ ಎಷ್ಟೋ ದಿನ ಅವನ ತಟ್ಟೆಗೆ ಬಡಿಸಿ, ಅದರಿಂದಲೇ ಒಂದು ತುತ್ತು ತಾನು ಮೊದಲು ತಿಂದು, ಆಮೇಲೆ ಅವನ ಮುಂದೆ ಇಡುತ್ತಿದ್ದಳು ಅವಳು. ಯಾರೂ ಹೇಳಿಕೊಟ್ಟದ್ದಲ್ಲ.

ಮದುವೆಯ ಮಾತನ್ನೂ ಹೇಳಬೇಕು. 2022ರಲ್ಲಿ ಎಲ್ಲರ ಬಾಯಲ್ಲೂ ಅದೇ. 'ಒಂದು ಹೆಣ್ಣು ತಂದು ಕಟ್ಟಿ, ಜವಾಬ್ದಾರಿ ಬಂದ್ರೆ ತಾನೇ ಸರಿಹೋಗ್ತಾನೆ.' ಅರಸೀಕೆರೆ ಕಡೆಯ ಒಂದು ಸಂಬಂಧ ಬಂತು. ಹುಡುಗಿಯ ತಂದೆಯೂ ತೆಂಗಿನ ತೋಟದವರೇ. ನೋಡಿಕೊಂಡು ಹೋದ ಮೇಲೆ ಫೋನ್ ಮಾಡಿ, 'ಯಜಮಾನ್ರೇ, ತಪ್ಪು ತಿಳೀಬೇಡಿ, ಹುಡುಗನಿಗೆ ಏನಾದ್ರೂ ಅಭ್ಯಾಸ ಉಂಟಾ?' ಅಂದರು. ಇಲ್ಲ ಅಂದೆ. ಅಂದ ಮೇಲೆ ಹದಿನೈದು ದಿನ ತೋಟಕ್ಕೆ ಹೋದರೂ ಅದೇ ಧ್ವನಿ ಕಿವಿಯಲ್ಲಿ. ಅವರು ಕೇಳಿದ ರೀತಿ ನನ್ನ ಮಗಳಿಗೆ ಗಂಡು ನೋಡುವಾಗ ನಾನು ಕೇಳಿದ ರೀತಿಯೇ ಆಗಿತ್ತು. ಬಸ್ ಹತ್ತಿ ಅವರ ಊರಿಗೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬಂದೆ. ಅವರು ಕಾಫಿ ಕೊಟ್ಟು, ಬಸ್ ನಿಲ್ದಾಣದ ತನಕ ಬಂದು ಕಳಿಸಿದರು. ಮನೆಯಲ್ಲಿ ಹೆಂಡತಿ ಹತ್ತು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಈಗ ಆ ಅಟ್ಟದ ವಿಷಯಕ್ಕೆ ಬರುತ್ತೇನೆ. ಕಾಯಿ ಕದ್ದದ್ದು ಗೊತ್ತಾದ ಮಾರನೇ ಬೆಳಿಗ್ಗೆ ನನ್ನ ಭಾಮೈದ ಬಂದ. ಇಬ್ಬರೂ ಸೇರಿ ಮಗನನ್ನು ಹಿಂದಿನ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದೆವು. ಎಂಟು ದಿನ ಕೂಡಿಹಾಕಿದರೆ ವಿಷ ಇಳಿಯುತ್ತದೆ ಅಂತ ನಮ್ಮ ಲೆಕ್ಕ. ಅವತ್ತು ಸಂಜೆಯಿಂದ ನಡುಕ, ಬೆವರು. 'ಅಪ್ಪ, ಒಂದೇ ಒಂದು ನೈಂಟಿ ಕೊಡಪ್ಪ, ಆಮೇಲೆ ಕೇಳಲ್ಲ' ಅಂತ ಬಾಗಿಲು ಬಡಿದ. ನಾನು ಜಗಲಿಯ ಮೇಲೆ ಕಿವಿ ಮುಚ್ಚಿಕೊಂಡು ಕೂತೆ. ಎರಡನೇ ದಿನ ಮಧ್ಯಾಹ್ನ ಕೋಣೆಯೊಳಗೆ ಧೊಪ್ಪನೆ ಬಿದ್ದ ಸದ್ದು. ಬಾಗಿಲು ತೆಗೆದರೆ ಕೈಕಾಲು ಸೆಟೆದು ಫಿಟ್ಸ್ ಬರುತ್ತಿತ್ತು. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಹೆಂಡತಿ ಕಬ್ಬಿಣದ ಕೀಲಿಕೈ ತಂದು ಅಂಗೈಗೆ ಒತ್ತುತ್ತಿದ್ದಳು. ಎದುರು ಮನೆಯವರ ಓಮ್ನಿಯಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಮೂರು ವರ್ಷ ಯಾರಿಗೆ ಗೊತ್ತಾಗಬಾರದು ಅಂತ ಒದ್ದಾಡಿದ್ದೆನೋ ಅವರೇ ಅವನ ಕಾಲು ಹಿಡಿದು ಎತ್ತಿದರು.

ಅಲ್ಲಿನ ಡಾಕ್ಟರ್ ಹೇಳಿದ ಮಾತು ಪ್ರತಿ ಮನೆಯವರಿಗೂ ಗೊತ್ತಿರಬೇಕು. ವರ್ಷಗಟ್ಟಲೆ ದಿನಾ ಕುಡಿದವನ ಮಿದುಳು ಮದ್ಯ ಇದ್ದೇ ಇರುತ್ತದೆ ಅಂತ ಅದಕ್ಕೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ನಡುಕ, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದ ನಡುವೆ ಬುದ್ಧಿ ಕಲಸಿ, ಇಲ್ಲದ್ದು ಕಂಡ ಹಾಗಾಗಿ, ಜೀವಕ್ಕೇ ಅಪಾಯ ಬರಬಹುದು. ಆಸ್ಪತ್ರೆಯಲ್ಲಾದರೆ ಆ ನಾಲ್ಕೈದು ದಿನ ಮಾತ್ರೆ ಕೊಟ್ಟು, ದಿನದಿನಕ್ಕೂ ಕಡಿಮೆ ಮಾಡುತ್ತಾ ದಾಟಿಸುತ್ತಾರೆ. ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ, ಅದು ಕಮ್ಮಿಯಾದರೆ ನೆನಪಿನ ಶಕ್ತಿಗೇ ಪೆಟ್ಟು. 'ಕೂಡಿಹಾಕಿ ಬಿಡಿಸೋಕೆ ಹೋಗಿ ಹುಡುಗನ್ನ ಕಳ್ಕೊಂಡಿರೋರು ಇದ್ದಾರೆ' ಅಂದರು. ಚಿಲಕ ಹಾಕಿದ ಕೈಯನ್ನು ನೋಡಿಕೊಂಡೆ.

ಆಮೇಲೆ ಸಲಹೆಗಳು ಬಂದವು. ಸಂಬಂಧಿಕರೊಬ್ಬರು ಒಂದು ಖಾಸಗಿ ಕೇಂದ್ರದ ನಂಬರ್ ಕೊಟ್ಟರು. ಅವರೇ ವ್ಯಾನ್ ತಂದು ಎತ್ತಿಕೊಂಡು ಹೋಗುತ್ತಾರೆ, ಮೂರು ತಿಂಗಳು ಮುಖ ತೋರಿಸುವುದಿಲ್ಲ ಅಂತ. ಕಳಿಸುವ ಮುಂಚೆ ಒಬ್ಬನೇ ಹೋಗಿ ನೋಡಿ ಬಂದೆ. ಹಾಲಿನ ಬಾಗಿಲಿಗೆ ಹೊರಗಿನಿಂದ ಬೀಗ. ಡಾಕ್ಟರ್ ಯಾವಾಗ ಬರುತ್ತಾರೆ ಎಂದರೆ 'ಬೇಕಾದಾಗ ಕರೆಸ್ತೀವಿ' ಅಂದರು. ಕಿಟಕಿಯಲ್ಲಿ ಒಬ್ಬ ಹುಡುಗ ನನ್ನನ್ನು ನೋಡಿ ಕೈ ಮುಗಿದ. ಏನೂ ಮಾತಾಡದೆ ವಾಪಸ್ ಬಂದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ, ಇಂಥ ಕೇಂದ್ರಗಳು ನೋಂದಣಿ ಮಾಡಿಸಿರಬೇಕು, ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ ಅಂತ ಆಮೇಲೆ ತಿಳಿಯಿತು. ಪಕ್ಕದ ಊರಿನ ಒಬ್ಬರು ಧರ್ಮಸ್ಥಳದ ಯೋಜನೆಯವರು ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಸೇರಿ ಬಿಟ್ಟವರು. ಅವರೇ ಮನೆಗೆ ಬಂದು, 'ಫಿಟ್ಸ್ ಬಂದಿದೆ ಅಂದ್ರೆ ಮೊದ್ಲು ಆಸ್ಪತ್ರೆ, ಆಮೇಲೆ ಮಿಕ್ಕಿದ್ದು' ಅಂದರು. ಅವರ ಮಾತಿನಂತೆ ನಿಮ್ಹಾನ್ಸ್‌ಗೆ ಹೊರಟೆವು.

ಬೆಳಗಿನ ಜಾವದ ರೈಲು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ. ಅಲ್ಲಿ ಬೆಂಚಿನ ಮೇಲೆ ಕೂತು ಕಾಯುವಾಗ ನೋಡಿದೆ: ಒಬ್ಬರು ಬ್ಯಾಂಕ್ ಅಧಿಕಾರಿ, ಒಬ್ಬರು ಗಾರೆ ಕೆಲಸದವರು, ಒಬ್ಬ ಇಂಜಿನಿಯರ್ ಹುಡುಗನ ಜೊತೆ ಅವನ ಅಜ್ಜಿ. ನನ್ನ ಹಾಗೆ ಚೀಲವನ್ನು ಎದೆಗವುಚಿಕೊಂಡು ಕೂತ ತಂದೆಯರು ನಾಲ್ಕೈದು ಜನ. ಯಾರೂ ಯಾರ ಮುಖವನ್ನೂ ಮೊದಲು ನೋಡಲಿಲ್ಲ. ಟೋಕನ್ ಕೂಗುವ ಹೊತ್ತಿಗೆ ಎಲ್ಲರೂ ಎಲ್ಲರಿಗೂ ಎಲ್ಲವನ್ನೂ ಹೇಳಿಯಾಗಿತ್ತು.

ಡಾಕ್ಟರ್ ಕೇಳಿದಾಗ ಮಗ ದಿನಕ್ಕೆ ಮೂರು ಕ್ವಾಟ್ರು ಅಂದ. 540 ಎಂಎಲ್. ಎಲ್ಲ ಹುಡುಕಿ, ಎಲ್ಲ ಮೂಸಿ, ನಾನು ಒಂದು ಅಂದುಕೊಂಡಿದ್ದೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಏರುಪೇರಾಗಿತ್ತು, ಆದರೆ ಕೈಮೀರಿರಲಿಲ್ಲ. ದಾಖಲು ಮಾಡಿಕೊಂಡರು. ಮನೆಯವರೊಬ್ಬರು ಜೊತೆಗಿರಬೇಕು ಅಂದದ್ದರಿಂದ ನಾನೂ ಉಳಿದೆ.

ಅಲ್ಲಿನ ಸಮಾಜ ಕಾರ್ಯಕರ್ತೆ, ನನ್ನ ಮಗಳ ವಯಸ್ಸಿನ ಹುಡುಗಿ, ಒಂದು ದಿನ ನನ್ನನ್ನು ಒಬ್ಬನನ್ನೇ ಕೂರಿಸಿಕೊಂಡರು. ಬುದ್ಧಿ ಹೇಳುತ್ತಾರೇನೋ ಅಂತ ತಲೆ ತಗ್ಗಿಸಿ ಕೂತೆ. ಅವರು ಒಂದು ಹಾಳೆ ಕೊಟ್ಟು, ಮಗನ ಪರವಾಗಿ ತೀರಿಸಿದ ಸಾಲವನ್ನೆಲ್ಲ ತಾರೀಖಿನ ಪ್ರಕಾರ ಬರೆಯಿರಿ ಅಂದರು. ನಾನು ಇಪ್ಪತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವನು. ಎಲ್ಲ ತಲೆಯಲ್ಲೇ ಇತ್ತು. ಹನ್ನೊಂದು ಸಾಲು ಬಂತು. ಒಟ್ಟು 3,86,000. ಆಮೇಲೆ ಅವರು, 'ಅಪ್ಪಾಜಿ, ಪ್ರತಿ ಸಾಲಿನ ಮುಂದೆ ಇನ್ನೊಂದು ಕಾಲಂ ಮಾಡಿ. ದುಡ್ಡು ಕೊಟ್ಟ ಮೇಲೆ ಮುಂದಿನ ದೊಡ್ಡ ಗಲಾಟೆ ಎಷ್ಟು ದಿನಕ್ಕೆ ಆಯ್ತು, ಅದನ್ನ ಬರೀರಿ' ಅಂದರು. ನಲವತ್ತು ದಿನ. ಮೂವತ್ತೈದು. ಇಪ್ಪತ್ತೆರಡು. ಕೊನೆಯದಕ್ಕೆ ಒಂಬತ್ತು. ಹಾಳೆ ನೋಡುತ್ತಾ ಕೂತೆ. ಮಂಡಿಯಲ್ಲಿ ಯಾರಾದರೂ ಇಂಥ ಖಾತೆ ತಂದಿದ್ದರೆ, ಸ್ವಾಮಿ, ಈ ವ್ಯವಹಾರ ನಿಲ್ಲಿಸಿ ಅಂತ ನಾನೇ ಹೇಳುತ್ತಿದ್ದೆ. ಅವನು ಕುಡಿದದ್ದಕ್ಕೆ ನಾನು ಕಾರಣ ಅಂತ ಅವರು ಹೇಳಲಿಲ್ಲ. ಕುಡಿತದ ನೋವು ಅವನಿಗೆ ತಟ್ಟದ ಹಾಗೆ ನಡುವೆ ನಾನು ನಿಂತಿದ್ದೆ. ಅದನ್ನು ನಾನೇ ಓದಿಕೊಂಡೆ.

ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಅಂತ ಒಂದು ಬಳಗ ಇದೆ ಅಂತ ಹೇಳಿದ್ದೂ ಅವರೇ. 1951ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಬೆಂಗಳೂರಿನಲ್ಲೂ ಸಭೆ ಸೇರುತ್ತಾರೆ. ಆಮೇಲೆ ಮಗನನ್ನು ತಪಾಸಣೆಗೆ ಕರೆತಂದಾಗ ಮೂರು ನಾಲ್ಕು ಸಲ ಹೋಗಿ ಕೂತೆ. ಈ ರೋಗ ನಾನು ತಂದದ್ದಲ್ಲ, ನನ್ನ ಹತೋಟಿಗೆ ಸಿಗುವುದಲ್ಲ, ನನ್ನಿಂದ ವಾಸಿಯಾಗುವುದಲ್ಲ ಅಂತ ಅಲ್ಲಿ ಹೇಳಿಕೊಳ್ಳುತ್ತಾರೆ. ಮೊದಲನೆಯದು ಕೇಳಿ ಹಗುರಾಯಿತು. ಮೂರನೆಯದನ್ನು ಒಪ್ಪಲು ಒಂದು ವರ್ಷ ಬೇಕಾಯಿತು. ಹೆತ್ತವನು ವಾಸಿ ಮಾಡಲಾರೆ ಅಂತ ಬಾಯಿಬಿಟ್ಟು ಹೇಳುವುದು ಸಣ್ಣ ಮಾತಲ್ಲ.

ಊರಿಗೆ ಬಂದ ಮೇಲೆ ನಾಲ್ಕು ತಿಂಗಳು ಚೆನ್ನಾಗಿದ್ದ. ಮಾತ್ರೆ ತಪ್ಪಿಸಲಿಲ್ಲ. ಗಿಡಕ್ಕೆ ಗೊಬ್ಬರ ಕೊಟ್ಟ, ಡ್ರಿಪ್ ಪೈಪ್ ತೂತು ಬಿದ್ದದ್ದನ್ನೆಲ್ಲ ಸರಿಮಾಡಿದ. ದೊಡ್ಡಪ್ಪನ ಮಗನ ಮದುವೆಯ ಬೀಗರ ಔತಣದ ರಾತ್ರಿ ಮತ್ತೆ ಕುಡಿದ. ಮಾರನೇ ದಿನ ಹೆಂಡತಿ ಗೋಡೆಗೆ ತಲೆ ಚಚ್ಚಿಕೊಂಡಳು. ಎಲ್ಲ ಮುಗಿಯಿತು ಅನ್ನಿಸಿತು ನನಗೂ. ಸಕ್ಕರೆ ಕಾಯಿಲೆಯವನಿಗೆ ಒಮ್ಮೆ ಸಕ್ಕರೆ ಏರಿದರೆ ಚಿಕಿತ್ಸೆ ವ್ಯರ್ಥ ಅನ್ನುತ್ತೇವಾ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಹೇಳಿದ್ದು ನೆನಪಿತ್ತು, ಆದರೆ ಆ ಬೆಳಿಗ್ಗೆ ಅದು ನಮ್ಮ ಕೈಹಿಡಿಯಲಿಲ್ಲ.

ಈ ಸಲ ಒಂದು ಮಾತ್ರ ಬೇರೆ ಮಾಡಿದೆವು. ಇಬ್ಬರೂ ಕೂತು ಮೂರು ಮಾತು ಗಟ್ಟಿ ಮಾಡಿಕೊಂಡು, ಅವನು ಕುಡಿಯದೆ ಇದ್ದ ಒಂದು ಬೆಳಿಗ್ಗೆ ಕೂಗಾಡದೆ ಹೇಳಿದೆವು. ಕೈಗೆ ದುಡ್ಡು ಕೊಡುವುದಿಲ್ಲ, ಸಾಲ ತೀರಿಸುವುದಿಲ್ಲ. ಕುಡಿದು ಬಂದ ರಾತ್ರಿ ಮನೆಯೊಳಗಲ್ಲ, ಪಂಪ್‌ಸೆಟ್ ಮನೆಯಲ್ಲಿ ಮಲಗಬೇಕು; ಅಲ್ಲಿ ಚಾಪೆ, ಹೊದಿಕೆ, ನೀರು ಇರುತ್ತದೆ. ಊಟ ಯಾವತ್ತೂ ಇದೆ, ಆಸ್ಪತ್ರೆಗೆ ಅಂದರೆ ಯಾವ ಹೊತ್ತಿನಲ್ಲೂ ಜೊತೆಗೆ ಬರುತ್ತೇನೆ. ಅವನು ನಕ್ಕು ಎದ್ದು ಹೋದ. ನಾವು ಅದನ್ನು ಪಾಲಿಸುತ್ತೇವೆ ಅಂತ ಅವನು ನಂಬಲಿಲ್ಲ. ನಾವೂ ಪೂರ್ತಿ ನಂಬಿರಲಿಲ್ಲ.

2024ರ ಜನವರಿಯಲ್ಲಿ ಬಡ್ಡಿಯವರು ಬಂದರು, ಅರವತ್ತು ಸಾವಿರ. ಈ ಸಲ ಒಳಗೆ ಕರೆಯಲಿಲ್ಲ. ಜಗಲಿಯ ಮೇಲೇ ಕೂರಿಸಿ ನೀರು ಕೊಟ್ಟು, 'ಕೊಟ್ಟೋರು ನೀವು, ಇಸ್ಕೊಂಡೋನು ಅವನು, ಅವನ ಹತ್ರನೇ ಕೇಳಿ' ಅಂದೆ. ಗಂಟಲು ಒಣಗಿತ್ತು. ರಸ್ತೆಯಲ್ಲಿ ಜನ ನಿಂತರು. ಅವನ ಬೈಕ್ ಹೋಯಿತು, ಒಳ್ಳೆಯ ಫೋನ್ ಹೋಯಿತು. 'ಹೆತ್ತ ಮಗನ್ನ ಬೀದಿಗೆ ಬಿಟ್ಟ' ಅಂತ ಊರು ಆಡಿಕೊಂಡಿತು. ನನ್ನ ಸ್ವಂತ ಅಣ್ಣನೇ ಅರಳಿಕಟ್ಟೆಯಲ್ಲಿ ಹಾಗೆ ಅಂದ. ಒಳಗೆ ಬಂದು ನೋಡಿದರೆ ಹೆಂಡತಿ ಬೀರು ತೆಗೆದು ಬಳೆ ಕೈಯಲ್ಲಿ ಹಿಡಿದು ನಿಂತಿದ್ದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಳೆಯನ್ನು ವಾಪಸ್ ಇಟ್ಟಳು. ನನ್ನ ಜೀವನದಲ್ಲಿ ನಾನು ಕಂಡ ಧೈರ್ಯದಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಅದಾದ ಕೆಲವು ದಿನಕ್ಕೆ, ಅವನು ಪಂಪ್‌ಸೆಟ್ ಮನೆಯಲ್ಲಿ ಮಲಗಿದ್ದ ಒಂದು ರಾತ್ರಿ, ನನಗೆ ಎದೆ ಹಿಡಿದ ಹಾಗಾಯಿತು. ಎರಡು ಗಂಟೆ ಇರಬೇಕು. ಆಸ್ಪತ್ರೆಯ ಗೋಡೆಯ ಮೇಲೆ ನೋಡಿ ಬರೆದುಕೊಂಡಿದ್ದ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರುಮಾಡಿದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಅತ್ತದ್ದನ್ನು ಆ ಕಡೆಯವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನೇರವಾಗಿ, 'ಮಗ ಸಾಯೋ ಮಾತು ಏನಾದ್ರೂ ಆಡಿದ್ದಾರಾ?' ಅಂದರು. ಎದೆ ಧಸಕ್ಕೆಂದಿತು. ಗೊತ್ತಿಲ್ಲ ಅಂದೆ. 'ಕೇಳಿ. ಕೇಳೋದ್ರಿಂದ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಮನೇಲಿ ತೋಟಕ್ಕೆ ಹೊಡೆಯೋ ಔಷಧಿ ಇದ್ರೆ ಬೀಗ ಹಾಕಿ' ಅಂದರು.

ಟಾರ್ಚ್ ಹಿಡಿದು ಎದ್ದೆ. ಮನೆಯಲ್ಲಿದ್ದ ಗಟ್ಟಿ ಬೀಗ ಒಂದೇ, ಅಟ್ಟದ್ದು. ಏಣಿ ಹತ್ತಿ ಅದನ್ನು ಬಿಚ್ಚಿ ತಂದೆ. ಕೀಟನಾಶಕದ ಡಬ್ಬಗಳನ್ನೆಲ್ಲ ಹಳೇ ಟ್ರಂಕಿಗೆ ಹಾಕಿ ಆ ಬೀಗ ಜಡಿದೆ. ಅಟ್ಟದಲ್ಲಿ ಆಗ ಎಂಟು ಕ್ವಿಂಟಲ್ ಕೊಬ್ಬರಿಯಾಗುವಷ್ಟು ಕಾಯಿ ಇತ್ತು. ಬಾಗಿಲು ತೆರೆದೇ ಇತ್ತು. ಹೋದರೆ ಹೋಗಲಿ ಅನ್ನಿಸಿದ್ದು ಅವತ್ತೇ.

ಬೆಳಿಗ್ಗೆ ಕಾಫಿ ತಗೊಂಡು ಪಂಪ್‌ಸೆಟ್ ಮನೆಗೆ ಹೋಗಿ ಪಕ್ಕದಲ್ಲಿ ಕೂತೆ. ಮೂಸಲಿಲ್ಲ, ಬೈಯಲಿಲ್ಲ. 'ಮಗಾ, ಸಾಯಬೇಕು ಅಂತ ಯಾವಾಗ್ಲಾದ್ರೂ ಅನ್ನಿಸುತ್ತಾ?' ಅಂದೆ. ಬಹಳ ಹೊತ್ತು ಮೋಟರ್ ನೋಡುತ್ತಾ ಕೂತ. 'ಹೋದ ವಾರ ಅನ್ಸಿತ್ತು ಕಣಪ್ಪ' ಅಂದ. ಮೂರು ಮಾತು, ನಿಯಮ, ಎಲ್ಲ ಬದಿಗಿಟ್ಟೆ. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಏಳನೇ ಕ್ಲಾಸಿನ ತರುವಾಯ ಅದೇ ಮೊದಲು. ಅವತ್ತೇ ಇಬ್ಬರೂ ಆಸ್ಪತ್ರೆಗೆ ಹೋದೆವು. ಕುಡಿತದ ಜೊತೆಗೆ ಖಿನ್ನತೆಯೂ ಇದೆ, ಎರಡಕ್ಕೂ ಔಷಧಿ ಬೇಕು ಅಂದರು. ದುಡ್ಡು ಕೊಡದಿರುವುದು ಬೇರೆ, ಜೀವದ ಮಾತು ಬೇರೆ. ನಮ್ಮ ಹಾಗೆ ನಿಯಮ ಮಾಡಿಕೊಳ್ಳುವ ತಂದೆತಾಯಿಗಳು ದಯವಿಟ್ಟು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅದಾದ ಮೇಲೂ ಎರಡು ಸಲ ಜಾರಿದ. ಎರಡನೇ ಸಲ ಜಾರಿದಾಗ ತಾನೇ ಬಂದು, 'ಅಪ್ಪ, ಬೆಂಗಳೂರಿಗೆ ಹೋಗಣ' ಅಂದ. ನಾನು ಟಿಕೆಟ್ ತೆಗೆಸಿದೆ, ಅಷ್ಟೇ. ಬಟ್ಟೆ ತಾನೇ ತುಂಬಿಕೊಂಡ, ಡಾಕ್ಟರ್ ಹತ್ತಿರ ಎಲ್ಲ ತಾನೇ ಹೇಳಿದ, ನನ್ನನ್ನು ಹೊರಗೆ ಕೂತಿರು ಅಂದ. ಹೊರಗೆ ಕೂತ ಆ ಒಂದು ಗಂಟೆಯಲ್ಲಿ ಪಕ್ಕದ ಬೆಂಚಿನ ಒಬ್ಬ ತಾಯಿ, 'ನಿಮ್ಮ ಹುಡುಗ ಎಷ್ಟು ವರ್ಷದಿಂದ?' ಅಂತ ಮೆಲ್ಲಗೆ ಕೇಳಿದರು. ಚೀಲವನ್ನು ಎದೆಗವುಚಿಕೊಂಡಿದ್ದರು.

ಹೆಂಡತಿ ಈಗ ಶನಿವಾರದ ಭಜನೆಗೆ ಹೋಗುತ್ತಾಳೆ. ನಾವಿಬ್ಬರೂ ಹಾಸನಕ್ಕೆ ಹೋಗಿ ಮೊಮ್ಮಕ್ಕಳ ಜೊತೆ ಒಂದು ವಾರ ಇದ್ದು ಬಂದೆವು. ಅವನನ್ನು ಒಬ್ಬನೇ ಬಿಟ್ಟು ಹೋದದ್ದು ಐದು ವರ್ಷದಲ್ಲಿ ಅದೇ ಮೊದಲು. ಮೊದಲ ಎರಡು ದಿನ ಫೋನ್ ಕೈಯಿಂದ ಬಿಡಲಿಲ್ಲ, ಮೂರನೇ ದಿನ ಮೊಮ್ಮಗಳ ಜೊತೆ ಕುಂಟೆಬಿಲ್ಲೆ ಆಡುತ್ತಾ ಮರೆತೇಬಿಟ್ಟಿದ್ದೆ.

ಮಗ ತಿಪಟೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಬಡ್ಡಿಯವರಿಗೆ ತಿಂಗಳಿಗೆ ಇಷ್ಟು ಅಂತ ತಾನೇ ಮಾತಾಡಿಕೊಂಡು ಕಟ್ಟುತ್ತಿದ್ದಾನೆ, ಇನ್ನೂ ಪೂರ್ತಿ ತೀರಿಲ್ಲ. ಕುಡಿಯದೆ ಎಷ್ಟು ತಿಂಗಳಾಯಿತು ಅಂತ ಮೊದಲು ನಾನು ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತಿದ್ದೆ. ಈಗ ಬಿಟ್ಟಿದ್ದೇನೆ. ಅವನ ಹತ್ತಿರ ಒಂದು ಸಣ್ಣ ಡೈರಿ ಇದೆ, ಅದರಲ್ಲಿ ಅವನು ಬರೆದುಕೊಳ್ಳುತ್ತಾನೆ. 2025ರಲ್ಲಿ ಕೊಬ್ಬರಿಗೆ ನಾವು ಕನಸಿನಲ್ಲೂ ಕಾಣದ ಬೆಲೆ ಬಂತು. ಅಟ್ಟದಿಂದ ಕಾಯಿ ಇಳಿಸಲು ಅವನೇ ಹತ್ತಿದ. ಮೇಲಿನಿಂದ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಕೆಳಗೆ ಬಿಡುತ್ತಿದ್ದ. ಎಷ್ಟಾಯಿತು ಅಂತ ಕೆಳಗೆ ನಾನು ಎಣಿಸಲಿಲ್ಲ. ಟ್ರಂಕಿನ ಬೀಗ ಇನ್ನೂ ಟ್ರಂಕಿನಲ್ಲೇ ಇದೆ.

ಅವನು ದಿನಾ ಏಳೂವರೆಗೆ ಬರುತ್ತಾನೆ. ನಿನ್ನೆ ಒಂಬತ್ತಾದರೂ ಬರಲಿಲ್ಲ. ಹೆಂಡತಿ ಎರಡು ಸಲ ಬಾಗಿಲ ತನಕ ಹೋಗಿ ಬಂದಳು, ಬಾಯಿಬಿಟ್ಟು ಏನೂ ಅನ್ನಲಿಲ್ಲ. ನಾನು ಹಾಸಿಗೆಯ ಮೇಲೆ ಕೂತು ರಸ್ತೆಯ ಸದ್ದು ಕೇಳುತ್ತಿದ್ದೆ. ಒಂಬತ್ತೂವರೆಗೆ ಗೇಟಿನ ಚಿಲಕ ಸದ್ದಾಯಿತು. ಎದ್ದು ಹೋಗಲಿಲ್ಲ. ಕೈಕಾಲು ತೊಳೆದು ಒಳಗೆ ಬಂದ. ಒಂದು ಗೇಟು ಅರ್ಜೆಂಟಾಗಿ ಮುಗಿಸಿಕೊಡಬೇಕಿತ್ತಂತೆ. ಮೈಯಿಂದ ವೆಲ್ಡಿಂಗಿನ ಸುಟ್ಟ ವಾಸನೆ ಬರುತ್ತಿತ್ತು.

'ಉಂಡ್ಯೇನಪ್ಪ?' ಅಂದ.

ಇಲ್ಲ ಅಂದೆ.

ಮೂರು ತಟ್ಟೆ ತಂದು ಹಾಕಿದ.